ಬ್ಯಾಟರಿ ಬೀದಿಯ ಹೆಪ್ಪು

ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಗೋಡೆ ತುಂಬುವಷ್ಟು ದೊಡ್ಡ ಪರದೆಯ ಮೇಲೆ ಒಂದು ಗುಲಾಬಿ ಗೆರೆ, ಒಂದು ಹಸಿರು ಗೆರೆ. ಬೇರೆ ಬೇರೆ ದಾರಿ ಹಿಡಿಯಬೇಕಾಗಿತ್ತು, ಹಿಡಿಯಲಿಲ್ಲ. ಹೊಸದಾಗಿ ಮದುವೆಯಾದವರ ಹಾಗೆ ಮೊದಲಿಂದ ಕೊನೆಯವರೆಗೂ ಅಂಟಿಕೊಂಡೇ ಹೋಗಿದ್ದವು.

"ಫೇಲ್," ಎಂದರು ಸಂಸ್ಥೆಯ ಮುಖ್ಯಸ್ಥರಾದ ಡಾ. ಚಿದಂಬರ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವರ್ಷಗಟ್ಟಲೆ ಮಾಡಿದ ಕೆಲಸ ಒಂದೇ ಮಾತಿನಲ್ಲಿ ಮಣ್ಣುಪಾಲಾಯಿತು.

ಏನು ಕೆಲಸ ಅಂತೀರಾ? ಮೊಸರಿನ ಕೆಲಸ. ನಗಬೇಡಿ. ಬೆಂಗಳೂರಿನ ಆ ಪ್ರಯೋಗಶಾಲೆಯಲ್ಲಿ ಓದಿದವರೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದು ಮೊಸರಿನ ಮೇಲೆಯೇ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಜೀನ್ ತಿದ್ದಿ, ಅದರ ಮೈಮೇಲೆ ಗಂಧಕದ ಸಣ್ಣ ಕೊಕ್ಕೆಗಳು ಬೆಳೆಯುವಂತೆ ಮಾಡಿದ್ದರು. ಸೀಸಕ್ಕೂ ಗಂಧಕಕ್ಕೂ ಬಲು ನಂಟು. ಕಂಡರೆ ಸಾಕು, ಹೋಗಿ ಕಚ್ಚಿಕೊಳ್ಳುತ್ತದೆ. ದೂಳಿನ ಜೊತೆ, ಅನ್ನದ ಜೊತೆ ಹೊಟ್ಟೆಗಿಳಿದ ಸೀಸವನ್ನೂ ಪಿತ್ತರಸದ ಜೊತೆ ಕರುಳಿಗೆ ಬಂದು ಮತ್ತೆ ರಕ್ತಕ್ಕೆ ಮರಳಲು ನೋಡುವ ಸೀಸವನ್ನೂ ಈ ಕೊಕ್ಕೆಗಳು ದಾರಿಯಲ್ಲೇ ಹಿಡಿದುಕೊಳ್ಳಬೇಕು. ಆಮೇಲೆ ಅದು ಹೊರಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಹಾದಿಯಲ್ಲೇ. ಕಕ್ಕಸು ಗುಂಡಿಯ ಕೆಸರನ್ನು ಸಂಸ್ಥೆಯ ಟ್ಯಾಂಕರ್ ಒಯ್ದು ಸೀಸ ಬೇರೆ ಮಾಡುತ್ತಿತ್ತು. ಆಸ್ಪತ್ರೆ ಬೇಡ, ಸೂಜಿ ಬೇಡ, ಊಟದ ಕೊನೆಗೆ ಒಂದು ಸೌಟು ಮೊಸರು ಸಾಕು. ಇದು ನಿಜವಾಗಿಬಿಟ್ಟರೆ ಏನಾಗಬಹುದು, ಯೋಚನೆ ಮಾಡಿ!

ಯೋಚನೆ ಮಾಡಿದ್ದವಳು ಡಾ. ಚೂಡಾಮಣಿ. ಕೊಕ್ಕೆ ಬೆಳೆಸಿದ ಕೈ ಅವಳದು. ಅವಳು ಹುಟ್ಟಿದ್ದು ಕೆಂಗಲಾಪುರದ ಬ್ಯಾಟರಿ ಬೀದಿಯಲ್ಲಿ. ನಾಡಿನ ಆಟೋಗಳೂ ಇನ್ವರ್ಟರುಗಳೂ ಸತ್ತ ಮೇಲೆ ಅವುಗಳ ಬ್ಯಾಟರಿ ಬಂದು ಬೀಳುವುದು ಅಲ್ಲಿಗೆ. ಮನೆಗಳ ಹಿತ್ತಲಿಗೆ ಅಂಟಿಕೊಂಡೇ ಕುಲುಮೆಗಳು. ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಗಟ್ಟಿ ಮಾಡಿ ಲಾರಿಗೆ ಹಾಕುತ್ತಾರೆ. ಲಾರಿಗೆ ಹೋಗದೆ ಉಳಿದದ್ದು ಮಕ್ಕಳ ಹೊಟ್ಟೆಗೆ ಹೋಗುತ್ತದೆ.

"ಸಾರ್, ಎರಡೂ ಗೆರೆ ಕೆಳಗಿಳಿದಿವೆ," ಎಂದಳು ಚೂಡಾಮಣಿ. "ಬೀದಿಯಲ್ಲಿ ಎಲ್ಲರ ರಕ್ತದಲ್ಲೂ ಸೀಸ ಅರ್ಧಕ್ಕರ್ಧ ಕಮ್ಮಿಯಾಗಿದೆ. ಇದನ್ನ ಫೇಲ್ ಅಂತೀರಲ್ಲ!"

"ಗುಲಾಬಿ ಪೊಟ್ಟಣದ ಮನೆಗಳಿಗೆ ಕೊಕ್ಕೆ ಇರೋ ಹೆಪ್ಪಿನ ಪುಡಿ ಕೊಟ್ವಿ. ಹಸಿರು ಪೊಟ್ಟಣದ ಮನೆಗಳಿಗೆ ಬರೀ ಸಾಧಾರಣ ಪುಡಿ. ಎರಡೂ ಕಡೆ ಒಂದೇ ಸಮ ಇಳಿದ್ರೆ ಅರ್ಥ ಏನಮ್ಮ? ನಮ್ಮ ಕೊಕ್ಕೆಯಿಂದ ಇಳಿದಿಲ್ಲ ಅಂತ. ಮಳೆ ಚೆನ್ನಾಗಿ ಆಯ್ತು, ದೂಳು ಕಮ್ಮಿಯಾಯ್ತು. ನಡುವೆ ಒಂದಷ್ಟು ಕುಲುಮೆ ಮುಚ್ಚಿದ್ರು."

"ಮುಚ್ಚಿದ್ರಾ? ಬೋರ್ಡು ಇಳಿಸಿದ್ರು ಸಾರ್. ಬೆಂಕಿ ಎಲ್ಲಿ ಆರಿಸಿದ್ರು?"

ಚಿದಂಬರ ಕನ್ನಡಕ ಮತ್ತೆ ಹಾಕಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ, ಹೆದರಿಕೆಯ ಮನುಷ್ಯರು. ಅಷ್ಟೇ.

ಅದುವರೆಗೆ ಮುಚ್ಚಿಟ್ಟಿದ್ದ ಗುಟ್ಟು ಆವತ್ತು ತೆರೆದಿತ್ತು. ಯಾವ ಮನೆಗೆ ಯಾವ ಪೊಟ್ಟಣ ಎಂದು ಪರದೆಯ ಮೇಲೆ ಕಾಣುತ್ತಿತ್ತು. ಚೂಡಾಮಣಿಯ ಕಣ್ಣು ಹುಡುಕಿದ್ದು ಒಂದೇ ಮನೆಯನ್ನು. ಅದು ಅಕ್ಕ ನಾಗವೇಣಿಯ ಮನೆ. ಹಸಿರು ಪೊಟ್ಟಣ. ಅಕ್ಕನ ಮಗಳು ಬಿಂಬಳಿಗೆ ಇಷ್ಟು ದಿನವೂ ಸಾಧಾರಣ ಪುಡಿ.

ಬಿಂಬಳಿಗೆ ಆರು ವರ್ಷ. ವಸಡಿನ ಅಂಚಿನಲ್ಲಿ ಸೀಸದ ಕಪ್ಪು ಗೆರೆ ಮೂಡಿದ್ದ ಮಗು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು, ಆಡುವ ಮಾತು ನಡುವೆಯೇ ಮರೆತು ಅಮ್ಮನ ಮುಖ ನೋಡುತ್ತಿದ್ದಳು. ಪರದೆಯ ಮೇಲೆ ಅವಳ ಸೀಸವೂ ಇಳಿದಿತ್ತು. ಮಳೆಯಿಂದ ಇಳಿಯಿತೇ? ಚೂಡಾಮಣಿಗೆ ನಂಬಿಕೆ ಬರಲಿಲ್ಲ. ಏನೋ ಆ ಮಗುವನ್ನು ಕಾಪಾಡುತ್ತಿದೆ. ಅದೇನೆಂದು ತಿಳಿಯದೆ ಬಾಗಿಲು ಹಾಕಿಬಿಟ್ಟರೆ, ಮೂಳೆಯೊಳಗೆ ಅಡಗಿ ಕೂತಿರುವ ಸೀಸ ಸಮಯ ನೋಡಿಕೊಂಡು ಮತ್ತೆ ರಕ್ತಕ್ಕಿಳಿಯುತ್ತದೆ. ಮತ್ತೆ ಅದೇ ಮೂಲೆ, ಅದೇ ಹೊಟ್ಟೆನೋವು.

"ನಾನು ಊರಿಗೆ ಹೋಗಿ ಬರ್ತೀನಿ ಸಾರ್," ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಪರೀಕ್ಷೆ ನಡೆಯುವಷ್ಟು ಕಾಲ ಅವಳು ಆ ಬೀದಿಗೆ ಕಾಲಿಡುವ ಹಾಗಿರಲಿಲ್ಲ. ಸ್ವಂತ ಅಕ್ಕನ ಮನೆ ಪರೀಕ್ಷೆಯೊಳಗಿದೆ, ನೀನು ದೂರ ಇರು ಎಂದು ನಿಯಮ ಮಾಡಿದ್ದರು. ನಿಯಮ ಸರಿಯಾದದ್ದೇ. ಆದರೆ ನಾಗವೇಣಿಗೆ ನಿಯಮ ಗಿಯಮ ಎಲ್ಲಿ ಅರ್ಥವಾಗಬೇಕು?

"ಬಂದ್ಯಾ ತಾಯಿ? ದಾರಿ ಮರ್ತೋಗಿಲ್ವಾ?" ಎಂದಳು ಬಾಗಿಲಲ್ಲೇ. "ತಂಗಿ ಅನ್ನೋಳು ಒಬ್ಳಿದ್ಲು, ಬೆಂಗ್ಳೂರು ನುಂಗ್ಕೊಂಡ್ತು ಅಂದ್ಕೊಂಡಿದ್ದೆ. ಕೈ ಕಾಲು ತೊಳ್ಕೋ, ಮುದ್ದೆ ಬಿಸಿಯಾಗೈತೆ."

ಬಿಂಬ ಒಳಗಿಂದ ಓಡಿ ಬಂದಳು. ಹೌದು, ಓಡಿಯೇ ಬಂದಳು. ಬಂದವಳೇ ಚಿಕ್ಕಮ್ಮನ ಚೀಲಕ್ಕೆ ಕೈ ಹಾಕಿ, ತಿಂಡಿ ಹುಡುಕಿ, ಸಿಗದೆ, "ಏನೂ ತಂದಿಲ್ಲ ಈಯಮ್ಮ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದಳು. ನಾಗವೇಣಿ ಗದರಿದಳು. ಚೂಡಾಮಣಿಗೆ ಮಾತ್ರ ಬಿಂಬಳ ಆ ಬೈಗುಳ ಕೇಳಿ ಕಣ್ಣು ತುಂಬಿ ಬಂತು. ಹೋದ ಸಲ ನೋಡಿದಾಗ ಈ ಮಗುವಿಗೆ ಇಷ್ಟು ಜೋರು ಇರಲಿಲ್ಲ.

ಮುದ್ದೆ, ಸೊಪ್ಪಿನ ಸಾರು ಮುಗಿದು ಮೊಸರನ್ನಕ್ಕೆ ಬಂದಾಗ ಹಿತ್ತಲ ಗೋಡೆಯಾಚೆಯಿಂದ ಒಂದು ಕೈ ಮೇಲೆದ್ದಿತು. ಗಾಜಿನ ಬಳೆ ತುಂಬಿದ ಕೈ. ಕೈಯಲ್ಲೊಂದು ಸ್ಟೀಲು ಬಟ್ಟಲು.

"ನಾಗವೇಣೀ, ತಗೊಳಮ್ಮ. ಹಾಲು ಆರೋಗ್ತೈತೆ ಬೇಗ ಹಾಕು," ಎಂದಿತು ಆ ಕಡೆಯ ದನಿ. ಪಕ್ಕದ ಮನೆಯ ಖುತೇಜಾಬಿ. ನಾಗವೇಣಿ ಹೋಗಿ ಬಟ್ಟಲು ಇಳಿಸಿಕೊಂಡಳು. ಹೆಪ್ಪು.

ಚೂಡಾಮಣಿಯ ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಖುತೇಜಾಬಿಯದು ಗುಲಾಬಿ ಪೊಟ್ಟಣದ ಮನೆ.

"ಅಕ್ಕಾ. ಅವರ ಮನೆ ಹೆಪ್ಪು ಯಾಕೆ ತಗೊಂಡೆ?"

"ಇನ್ನೇನು ಮಾಡ್ಲಿ? ನೀವು ಕೊಟ್ಟ ಆ ಹಸಿರು ಪೊಟ್ಟಣದ್ದು ಬರೀ ಲೋಳೆ ಕಣೆ. ಸೌಟು ಎತ್ತಿದ್ರೆ ದಾರ ದಾರ ಬರೋದು. ಬಿಂಬ ಮೂಸೂ ನೋಡ್ತಿರ್ಲಿಲ್ಲ. ಖುತೇಜಾಬಿ ಮನೇದು ನೋಡು, ಬಟ್ಟಲು ಮಗುಚಿದ್ರೂ ಬೀಳಲ್ಲ, ಅಷ್ಟು ಗಟ್ಟಿ. ಮೊದಲನೇ ವಾರಾನೇ ಇಸ್ಕೊಂಡೆ."

"ಪೊಟ್ಟಣದ ಪುಡಿ ಬಿಟ್ಟು ಬೇರೆ ಏನೂ ಹಾಕಬಾರದು ಅಂತ ಹೇಳಿರ್ಲಿಲ್ವಾ?"

"ಪೊಟ್ಟಣಾನೂ ಹಾಕ್ತಿದ್ದೆ ಕಣೆ. ನಿನ್ ಮಾತು ಮೀರ್ತೀನಾ? ಅದನ್ನೂ ಉದುರಿಸೋದು, ಜೊತೆಗೆ ಒಂಚೂರು ಹೆಪ್ಪು ಬಿಡೋದು."

"ವಾರದ ಕೊನೆಗೆ ಹಳೇ ಮೊಸರು ಚೆಲ್ಲಿ ಅಂದಿದ್ವಲ್ಲ?"

ಈ ಮಾತಿಗೆ ನಾಗವೇಣಿ ನಿಜವಾಗಿಯೂ ಸಿಟ್ಟಾದಳು. "ಮೊಸರು ಚೆಲ್ತಾರಾ ಯಾರಾದ್ರೂ? ಓದಿ ಓದಿ ತಲೆ ಕೆಟ್ಟೋಗೈತೆ ನಿಂಗೆ."

"ಹಾಗಾದ್ರೆ ಕೇಳೋಕೆ ಬಂದ ನಮ್ಮ ಸಂಸ್ಥೆ ಹುಡುಗೀರಿಗೆ ಯಾಕೆ ಹೇಳ್ಲಿಲ್ಲ?"

"ಅವರು ಕೇಳಿದ್ದು, ಬೇರೆ ಮನೆಯವರ ಮದ್ದು ತಗೊಂಡ್ರಾ ಅಂತ. ಇಲ್ಲ ಅಂದೆ. ಹೆಪ್ಪು ಮದ್ದೇನೇ?"

ಗೋಡೆಯಾಚೆಯಿಂದ ಖುತೇಜಾಬಿಯೂ ಸೇರಿಕೊಂಡಳು. "ಹೌದು ಬೇಟಿ, ಬೀದಿಯೆಲ್ಲ ಇಸ್ಕೊಂಡ್ರು. ಹೆಪ್ಪು ಕೇಳ್ಕೊಂಡು ಬಂದೋರ್ನ ಬರಿ ಬಟ್ಲಲ್ಲಿ ಕಳ್ಸಕ್ಕಾಗ್ತದಾ?"

ಚೂಡಾಮಣಿ ಎಂಜಲು ಕೈಯಲ್ಲೇ ನಗಲು ಶುರು ಮಾಡಿದಳು. ನಕ್ಕು ನಕ್ಕು ಗೋಡೆಗೆ ಒರಗಿದಳು. ಬಿಂಬ ಹತ್ತಿರ ಬಂದು ಅವಳ ಮುಖವನ್ನೇ ಅನುಮಾನದಿಂದ ನೋಡಿದಳು. ದೊಡ್ಡ ದೊಡ್ಡ ತಲೆಗಳು ಕೂತು ಹೆಣೆದ ಪರೀಕ್ಷೆ, ಚೀಟಿ ಎತ್ತಿ ಮನೆ ಹಂಚಿದ ಪರೀಕ್ಷೆ. ಅದನ್ನು ಬೀದಿಯ ಹೆಂಗಸರು ಬಟ್ಟಲು ಬಟ್ಟಲಾಗಿ ಗೋಡೆ ದಾಟಿಸಿದ್ದರು, ಬರೀ ರುಚಿಗೋಸ್ಕರ. ತಮಾಷೆ ಏನು ಗೊತ್ತೆ? ಈ ಬೀದಿಯಲ್ಲಿ ಹುಟ್ಟಿ, ಇದೇ ಗೋಡೆಯ ಮೇಲಿಂದ ಎಷ್ಟೋ ಸಲ ಹೆಪ್ಪಿನ ಬಟ್ಟಲು ಇಳಿಸಿಕೊಂಡ ಚೂಡಾಮಣಿಗೂ ಪರೀಕ್ಷೆ ಹೆಣೆಯುವಾಗ ಅದು ಹೊಳೆದಿರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಕೂತರೆ ಅಡುಗೆಮನೆ ಮರೆತೇ ಹೋಗುತ್ತದೆ.

ಆ ಮಧ್ಯಾಹ್ನವೇ ಮನೆ ಮನೆಗೆ ಹೋಗಿ ಒಂದೊಂದು ಚಮಚ ಮೊಸರು ಇಸಿದುಕೊಂಡು, ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬೆಂಗಳೂರಿಗೆ ವಾಪಸಾದಳು. ಪ್ರಯೋಗಶಾಲೆಯ ಯಂತ್ರ ಒಂದೊಂದನ್ನೇ ಓದಿ ಹೇಳಿತು. ಕೊಕ್ಕೆಯ ಜೀನ್ ಇದೆ. ಇದೆ. ಇದೆ. ಹಸಿರು ಮನೆಗಳ ಮೊಸರಿನಲ್ಲೂ ಇದೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದಳು. ಹಸಿರು ಪೊಟ್ಟಣದ ಮನೆಗಳಲ್ಲಿ ಮೊದಲು ಹೆಪ್ಪು ಇಸಿದುಕೊಂಡವರು ಯಾರು, ತಡವಾಗಿ ಇಸಿದುಕೊಂಡವರು ಯಾರು ಎಂದು ಹೆಂಗಸರನ್ನು ಕೇಳಿಕೊಂಡು ಬಂದಿದ್ದಳಲ್ಲ, ಅದನ್ನು ರಕ್ತದ ಲೆಕ್ಕಕ್ಕೆ ಹೊಂದಿಸಿ ನೋಡಿದಳು. ಮೊದಲು ಇಸಿದುಕೊಂಡವರ ಸೀಸ ಮೊದಲು ಇಳಿದಿತ್ತು. ತಡವಾಗಿ ಇಸಿದುಕೊಂಡವರದು ತಡವಾಗಿ. ಮಳೆ ಎಲ್ಲರ ಮನೆ ಮೇಲೂ ಒಂದೇ ದಿನ ಬಿದ್ದಿತ್ತು.

ಇನ್ನೇನು ಬೇಕು? ಚೂಡಾಮಣಿ ಹೆಚ್ಚುಕಮ್ಮಿ ಕುಣಿಯುತ್ತಲೇ ಚಿದಂಬರ ಅವರ ಕೋಣೆಗೆ ಹೋದಳು. ಒಳಗೆ ಹಣ ಹಾಕಿದ ಕಂಪನಿಯ ಕಡೆಯ ಸುಧನ್ವ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ತಲೆಯಾಡಿಸುತ್ತ ಕೇಳಿದ.

"ಅಂದ್ರೆ ಒಂದು ಮನೆಗೆ ಕೊಟ್ರೆ ಸಾಕು, ಬೀದಿಗೆಲ್ಲ ತಾನಾಗೇ ಹೋಗುತ್ತೆ?"

"ಹೌದು!" ಎಂದಳು ಚೂಡಾಮಣಿ, ಖುಷಿಯಿಂದ. "ಒಂದು ಸಲ ಕೊಟ್ರೆ ಮುಗೀತು. ಮನೇಲೇ ಬೆಳೀತಾ ಹೋಗುತ್ತೆ."

"ಹಾಗಾದ್ರೆ ಎರಡನೇ ಪೊಟ್ಟಣ ಯಾರು ತಗೋತಾರೆ ಮೇಡಂ?"

ಅಯ್ಯೋ ಶಿವನೇ, ಇದು ಇಲ್ಲಿಗೆ ಬಂತೇ ಎಂದುಕೊಂಡಳು ಚೂಡಾಮಣಿ.

ಚಿದಂಬರ ಗಂಟಲು ಸರಿಮಾಡಿಕೊಂಡರು. "ಅದು ಹಾಗಿರಲಿ. ನಮಗೆ ಅನುಮತಿ ಇದ್ದದ್ದು ಗೊತ್ತುಮಾಡಿದ ಮನೆಗಳಿಗೆ ಮಾತ್ರ. ಜೀನ್ ತಿದ್ದಿದ ಜೀವಿ ಗೋಡೆ ಹಾರಿದೆ. ಇದು ಹೊರಗೆ ಗೊತ್ತಾದ್ರೆ ಸಂಸ್ಥೆಗೇ ಬೀಗ ಬೀಳುತ್ತೆ. ಪರೀಕ್ಷೆ ಫೇಲ್ ಅಂತ ವರದಿ ಕೊಡೋಣ. ಬೀದಿಯ ಮೊಸರನ್ನೆಲ್ಲ ವಾಪಸ್ ತಗೊಂಡು ನಾಶ ಮಾಡಬೇಕು. ನಿಮ್ಮ ಬೀದಿ, ನಿಮ್ಮ ಮಾತು ಕೇಳ್ತಾರೆ. ನೀವೇ ಮುಂದೆ ನಿಂತ್ಕೊಳ್ಳಿ."

"ಕೆಟ್ಟಿರೋದು ಪರೀಕ್ಷೆ ಸಾರ್, ಮದ್ದಲ್ಲ. ಹಾಗಂತಲೇ ಬರೀರಿ, ಈಗಲೇ ಸಹಿ ಹಾಕ್ತೀನಿ."

"ಚೂಡಾಮಣಿ, ಸ್ವಲ್ಪ ಯೋಚನೆ ಮಾಡಿ. ಸೀಸ ಹಿಡಿಯೋ ಕೊಕ್ಕೆ ಸತುವನ್ನೂ ಹಿಡಿಯುತ್ತೆ. ನಾಳೆ ಮಕ್ಕಳಿಗೆ ಸತುವಿನ ಕೊರತೆಯಾಗಿ ಬೆಳವಣಿಗೆ ನಿಂತ್ರೆ? ಆಗ ಯಾರನ್ನ ಕೇಳೋದು?"

ಆ ಪ್ರಶ್ನೆ ಅವಳನ್ನು ತಡೆದು ನಿಲ್ಲಿಸಿತು. ಸುಳ್ಳು ಪ್ರಶ್ನೆಯಲ್ಲ ಅದು. ಅವಳೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಇದುವರೆಗೆ ತೆಗೆದ ರಕ್ತದಲ್ಲಿ ಸತು ಸರಿಯಾಗಿಯೇ ಇತ್ತು. ಮುಂದಿನದನ್ನು ಯಾರೂ ಆಣೆ ಇಟ್ಟು ಹೇಳಲಾರರು.

"ಅದಕ್ಕೇ ನೋಡ್ತಾ ಇರೋಣ ಅಂತಿರೋದು. ರಕ್ತ ತೆಗೆಯೋಣ, ಸತು ಅಳೆಯೋಣ. ಕಮ್ಮಿಯಾದ್ರೆ ನಾನೇ ಹೋಗಿ ನಿಲ್ಲಿಸ್ತೀನಿ. ಎಲ್ಲಾನೂ ಬ್ಲೀಚಿಂಗ್ ಪೌಡರಿನಲ್ಲಿ ಸಾಯಿಸಿಬಿಟ್ರೆ ಉತ್ತರ ಸಿಗುತ್ತಾ ಸಾರ್?"

"ಅನುಮತಿಯಿಲ್ಲದೆ ಜನರ ಮನೆಯೊಳಗೆ..."

"ಸೀಸ ಯಾರ ಅನುಮತಿ ಕೇಳ್ಕೊಂಡು ನಮ್ಮ ಮನೆಯೊಳಗೆ ಬಂತು?" ಅವಳ ದನಿ ಏರಿತ್ತು, ಅದು ಅವಳಿಗೂ ಗೊತ್ತಿತ್ತು. ಇಳಿಸಲಿಲ್ಲ. "ಇಷ್ಟು ವರ್ಷ ಅದಕ್ಕೆ ಯಾರೂ ಬೀಗ ಹಾಕ್ಲಿಲ್ಲ. ಒಂದು ಬಟ್ಟಲು ಮೊಸರಿಗೆ ಹಾಕ್ತೀರಾ? ನಾನು ಸಹಿ ಹಾಕಲ್ಲ. ಮುಂದೆ ನಿಲ್ಲೋದೂ ಇಲ್ಲ."

"ಹಾಗಾದ್ರೆ ನಿಮ್ಮ ಗುರುತಿನ ಚೀಟಿ ಇಲ್ಲಿ ಇಟ್ಟು ಹೋಗಿ," ಎಂದರು ಚಿದಂಬರ, ಅವಳ ಮುಖ ನೋಡದೆ.

ಕೊರಳಿನಿಂದ ತೆಗೆದು ಸುಧನ್ವನ ಮುಂದಿಟ್ಟಳು.

ಮೊಸರು ನಾಶಮಾಡಲು ಹೊರಟ ಗಾಡಿಗಳಿಗಿಂತ ಮೊದಲು ಅವಳು ಬೀದಿ ಮುಟ್ಟಿದಳು. ಗಂಗಹುಚ್ಚಮ್ಮನ ಜಗುಲಿಯ ಮುಂದೆ ಹೆಂಗಸರು ಸೇರಿದರು. ಗಂಗಹುಚ್ಚಮ್ಮ ಬೀದಿಗೆ ಹಿರಿಯಳು, ಕುಲುಮೆಯ ಕೆಲಸದಲ್ಲೇ ಸೊರಗಿ ಸತ್ತ ಗಂಡನ ಹೆಂಡತಿ, ಮಾತಿಗೆ ನಿಂತರೆ ತಹಸೀಲ್ದಾರರೂ ಕುರ್ಚಿ ಹುಡುಕಬೇಕು ಅಂಥವಳು. ಚೂಡಾಮಣಿ ಏನನ್ನೂ ಮುಚ್ಚಿಡಲಿಲ್ಲ. ಮೊಸರಿನಲ್ಲಿ ಏನಿದೆ, ಅದು ಏನು ಮಾಡಿದೆ, ಸತುವಿನ ಹೆದರಿಕೆ ಏನು, ಯಾರು ಯಾತಕ್ಕೆ ಬರುತ್ತಿದ್ದಾರೆ ಎಲ್ಲವನ್ನೂ ಹೇಳಿದಳು.

"ಇದರಿಂದ ಮುಂದೆ ಏನೂ ತೊಂದರೆ ಆಗಲ್ಲ ಅಂತ ನಾನು ಹೇಳಕ್ಕಾಗಲ್ಲ. ಇಲ್ಲೀವರೆಗೂ ಆಗಿಲ್ಲ. ಒಳ್ಳೇದು ಆಗಿರೋದಂತೂ ಸತ್ಯ."

"ಅದು ನಮ್ಗೆ ಗೊತ್ತಿಲ್ವಾ?" ಎಂದಳು ಗಂಗಹುಚ್ಚಮ್ಮ. "ಮಕ್ಳು ಬೀದೀಲಿ ಕಿರುಚಾಡ್ತಾವೆ ಈಗ. ಮೊದ್ಲು ಮಂಕು ಬಡ್ದಂಗೆ ಕೂತಿರೋವು. ಬರ್ಲಿ ಬಿಡು, ನೋಡನ."

ಬಂದರು. ಎರಡು ಗಾಡಿ, ಬಿಳಿ ಗೌನು ತೊಟ್ಟವರು, ಒಬ್ಬ ಯುವ ಅಧಿಕಾರಿ, ಜೊತೆಗೆ ಪೊಲೀಸರು. ದೊಡ್ಡ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಬ್ಲೀಚಿಂಗ್ ಪೌಡರಿನ ನೀರು. ಮನೆಯಲ್ಲಿರುವ ಮೊಸರು, ಮಜ್ಜಿಗೆ, ಹೆಪ್ಪು ಎಲ್ಲವನ್ನೂ ತಂದು ಒಪ್ಪಿಸಬೇಕು, ಬಚ್ಚಿಟ್ಟರೆ ಕೇಸು ಎಂದು ಮೈಕಿನಲ್ಲಿ ಕೂಗಿಸಿದರು.

ಗಂಗಹುಚ್ಚಮ್ಮ ಸೊಂಟಕ್ಕೆ ಕೈ ಕೊಟ್ಟು ಗಾಡಿಯ ಮುಂದೆ ನಿಂತಳು. "ಏನ್ ಸ್ವಾಮಿ, ನನ್ ಗಂಡ ಈ ಹೊಗೆ ನಿಲ್ಸಿ ಅಂತ ಅರ್ಜಿ ಕೊಟ್ಟು ಕೊಟ್ಟು ಸತ್ತ. ಆಗ ಒಂದು ಸೈಕಲ್ಲೂ ಬರ್ಲಿಲ್ಲ ಈ ಬೀದಿಗೆ. ಮೊಸ್ರಿಗೆ ಎರ್ಡು ಗಾಡಿ ತಂದವ್ರೆ, ನೋಡ್ರವ್ವಾ ನೋಡ್ರಿ!"

ಹೆಂಗಸರು ಗೊಳ್ಳೆಂದು ನಕ್ಕರು. ಅಧಿಕಾರಿಯ ಕಿವಿ ಕೆಂಪಾಯಿತು. ಬೀದಿಯ ಕೊನೆಯಲ್ಲಿ, ಆ ಮಾತು ನಡೆಯುವಾಗಲೇ, ಕುಲುಮೆಯ ಕೊಳವೆ ಹಳದಿ ಹೊಗೆ ಬಿಡುತ್ತಿತ್ತು. ಬಿಳಿ ಗೌನಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು.

"ನಮ್ ಹೊಟ್ಟೇಲೂ ಐತೆ," ಎಂದು ಖುತೇಜಾಬಿ ಕೂಗಿದಳು. "ಅಲ್ಲಿಗೂ ಹಾಕ್ತೀರಾ ಪೌಡರು?"

ನಗು, ಬೈಗುಳ ಎಲ್ಲ ಆಯಿತು. ಆದರೆ ಪೊಲೀಸರು ಪೊಲೀಸರೇ. ಒಂದೊಂದೇ ಮನೆ ಹೊಕ್ಕು ಗಡಿಗೆ, ಬಟ್ಟಲು, ಫ್ರಿಜ್ಜಿನ ಡಬ್ಬಿ ಹೊರಗೆ ತಂದರು. ಮೊಸರು ತೊಟ್ಟಿಗೆ ಬಿದ್ದು ನೊರೆಯೆದ್ದಿತು. ಚೂಡಾಮಣಿ ಅಕ್ಕನ ಮನೆಯತ್ತ ನಡೆದಳು.

ಒಳಗೆ ಹೋದರೆ ನಾಗವೇಣಿ ಒಂದು ಬಟ್ಟಲನ್ನು ಅಕ್ಕಿ ಡಬ್ಬದೊಳಗೆ ಹೂಳುತ್ತಿದ್ದಳು.

"ಬೇಡ ಅಕ್ಕ."

"ಸುಮ್ನಿರೇ."

"ಬೇಡ ಅಂದೆ. ನಾವೇನು ಕಳ್ಳತನ ಮಾಡಿದ್ದೀವಾ? ಬಚ್ಚಿಟ್ಟರೆ ನಾಳೆ ಇದು ಕಳ್ಳ ಮಾಲು ಅನ್ನಿಸ್ಕೊಳುತ್ತೆ. ಹುಡುಕಿ ತೆಗೆದು, ನೋಡಿ ಈಯಮ್ಮನೇ ಅಕ್ಕನ ಕೈಲಿ ಬಚ್ಚಿಡಿಸಿದಳು ಅಂತಾರೆ. ಆಮೇಲೆ ನಾನು ಹೇಳೋ ಒಂದು ಮಾತನ್ನೂ ಯಾರೂ ನಂಬಲ್ಲ. ನಾನು ನ್ಯಾಯವಾಗಿ ಹೊಡೆದಾಡಿ ಇದನ್ನ ವಾಪಸ್ ತರ್ತೀನಿ."

ನಾಗವೇಣಿ ಬಟ್ಟಲನ್ನು ಹೊರಗೆ ತೆಗೆದಳು. ಅದಕ್ಕೆ ಅಂಟಿದ ಅಕ್ಕಿ ಕಾಳನ್ನು ಸೆರಗಿನಿಂದ ಒರೆಸಿದಳು. ಅದನ್ನು ತಂಗಿಯ ಕೈಗೆ ಕುಕ್ಕಿದಳು.

"ತಗೋ. ನಿನ್ ಮರ್ಯಾದೆ ಉಳೀತು. ನನ್ ಮಗಳದ್ದು ಹೇಳು ಈಗ. ನೀನು ಹೊಡ್ದಾಡಿ ಗೆಲ್ಲೋವರ್ಗೂ ಅವ್ಳ ಮೂಳೆ ಒಳಗಿರೋದು ಸುಮ್ನೆ ಕಾಯ್ತಾ ಕೂತಿರ್ತದಾ?"

ಚೂಡಾಮಣಿ ಬಟ್ಟಲನ್ನು ತಾನೇ ಹೋಗಿ ತೊಟ್ಟಿಗೆ ಸುರಿದಳು. ತನ್ನ ಕೈಯಿಂದ ಬೆಳೆಸಿದ್ದನ್ನು ತನ್ನ ಕೈಯಿಂದಲೇ ಕೊಂದ ಹಾಗಾಯಿತು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಅವಳಿಗೇ ತಿಳಿಯಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

ಅಕ್ಕ ಆಮೇಲೆ ಮಾತಾಡಲಿಲ್ಲ. ತಟ್ಟೆ ಇಟ್ಟಳು, ಬಡಿಸಿದಳು, ಮಾತಿಲ್ಲ. ಊಟದ ಕೊನೆಗೆ ಬಿಂಬ ಮೊಸರು ಕೇಳಿ ರಂಪ ಮಾಡಿದಳು. ಸಂಜೆ ಬೀದಿಯ ಹೆಂಗಸರೆಲ್ಲ ಕಿವಿಗೆ ಫೋನು ಇಟ್ಟುಕೊಂಡು ಜಗುಲಿಗಳ ಮೇಲೆ ಕೂತಿದ್ದರು. ಯಾರ್ಯಾರಿಗೋ ಗೋಳು ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಚೂಡಾಮಣಿ. ಗಾಡಿಗಳು ಮಾತ್ರ ಹೋಗಿರಲಿಲ್ಲ. ಮಾರನೆಯ ದಿನ ಇನ್ನೊಂದು ಸುತ್ತು ಹುಡುಕುತ್ತಾರಂತೆ ಎಂದು ಸುದ್ದಿ.

ಬೆಳಗ್ಗೆ ಮೊದಲ ಬಸ್ಸಿನಿಂದ ಖುತೇಜಾಬಿಯ ಮಗಳು ಮೆಹರೂನ್ ಇಳಿದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಡಬ್ಬಿ.

"ಶಿರಾದಿಂದ ಇಷ್ಟು ಬೇಗ ಬಂದ್ಯಾ? ಏನದು?" ಎಂದಳು ಬಾಗಿಲಲ್ಲಿ ನಿಂತಿದ್ದ ಚೂಡಾಮಣಿ.

"ಹೆಪ್ಪು ಅಕ್ಕ. ಬಾಣಂತನ ಮುಗಿಸ್ಕೊಂಡು ಹೋಗುವಾಗ ಅಮ್ಮೀ ಹತ್ರ ಇಸ್ಕೊಂಡು ಹೋಗಿದ್ದೆ. ನಮ್ಮತ್ತೆಗೆ ಬಾಳ ಹಿಡಿಸ್ತು. ನಮ್ಮ ಗಲ್ಲೀಲೆಲ್ಲ ಇದೇ ಈಗ. ನಿನ್ನೆ ಅಮ್ಮೀ ಫೋನು ಮಾಡಿ ಎಲ್ಲಾ ಚೆಲ್ಲಿಬಿಟ್ರು ಅಂತ ಅತ್ತಳು."

ಎರಡನೆಯ ಬಸ್ಸಿನಲ್ಲಿ ಗಂಗಹುಚ್ಚಮ್ಮನ ಸೊಸೆಯ ತಂಗಿ ಮಧುಗಿರಿಯಿಂದ ಬಂದಳು, ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು. ಅವಳ ಹಿಂದೆಯೇ ಕೊರಟಗೆರೆ ಕಡೆಯ ಇಬ್ಬರು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಊಟದ ಡಬ್ಬಿಯ ಮೇಲಿನ ಬಟ್ಟಲಿನಲ್ಲಿ ತಂದರು. ಪಕ್ಕದ ಊರಿನ ಅಂಗನವಾಡಿ ಟೀಚರ್ ಗಡಿಗೆಯನ್ನೇ ಹೊತ್ತು ತಂದಿದ್ದಳು. "ನಮ್ಮೂರಲ್ಲೂ ಕುಲುಮೆ ಅವೆ ಮೇಡಂ," ಎಂದಳು ಏದುಸಿರು ಬಿಡುತ್ತ. "ನಮ್ ಮಕ್ಳೂ ಇದ್ನೇ ತಿಂತಾವೆ." ಬೀದಿಯ ಹೆಂಗಸರು ತೊಳೆದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಿನ್ನೆ ಫೋನಿನಲ್ಲಿ ಅವರು ಹೇಳಿಕೊಂಡದ್ದು ಬರೀ ಗೋಳಲ್ಲ.

ಗಾಡಿಯ ಬಾಗಿಲು ತೆಗೆದು ಕೂತಿದ್ದ ಯುವ ಅಧಿಕಾರಿ ಬಸ್ಸುಗಳನ್ನು ನೋಡಿದ, ಡಬ್ಬಿಗಳನ್ನು ನೋಡಿದ, ಫೋನು ತೆಗೆದ. ಸ್ವಲ್ಪ ಹೊತ್ತಿಗೆ ಚೂಡಾಮಣಿಯ ಫೋನು ಬಡಿದುಕೊಂಡಿತು. ಚಿದಂಬರ.

"ಏನಮ್ಮ ಇದು? ಎಷ್ಟು ಊರಿಗೆ ಹೋಗಿದೆ?"

"ಗೊತ್ತಿಲ್ಲ ಸಾರ್. ಬರ್ತಾನೇ ಇದಾರೆ."

"ಯಾವ ಯಾವ ಊರು ಅಂತ ಕೇಳಿ ಹೇಳಿ. ಗಾಡಿ ಕಳಿಸ್ಬೇಕು."

ಚೂಡಾಮಣಿ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಎದೆ ತುಂಬಿ ಬಂದಿತ್ತು. ಆದರೆ ಮಾತು ನೆಟ್ಟಗೆ ಬಂತು.

"ಗಾಡಿ ಸಾಲಲ್ಲ ಸಾರ್. ಸೂಜಿ ಕಳಿಸಿ, ರಕ್ತ ತೆಗೆಯೋರನ್ನ ಕಳಿಸಿ. ಸೀಸಾನೂ ನೋಡೋಣ, ಸತುವನ್ನೂ ನೋಡೋಣ, ಎಲ್ಲ ಊರಲ್ಲೂ. ಮದ್ದು ಆಗಲೇ ಹೋಗಿ ಮುಟ್ಟಿದೆ. ಹಿಂದೆ ಉಳಿದಿರೋರು ನಾವು."

"ನಿಮ್ಮನ್ನ ಕೆಲಸದಿಂದ ತೆಗೆದಿದ್ದೀವಿ, ಚೂಡಾಮಣಿ," ಎಂದರು ಚಿದಂಬರ, ತಮಗೇ ಜ್ಞಾಪಿಸಿಕೊಳ್ಳುವವರ ಹಾಗೆ.

"ಹೌದು ಸಾರ್. ಅದಕ್ಕೇ ಪುರುಸೊತ್ತಾಗಿದೀನಿ. ನೀವು ಕಳಿಸದಿದ್ರೆ ನಾನೇ ಎಲ್ಲಿಂದಾದ್ರೂ ತರ್ತೀನಿ."

ಫೋನು ಇಟ್ಟು ತಿರುಗಿದರೆ ಹಿಂದೆ ನಾಗವೇಣಿ ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಮೆಹರೂನ್ ಕೊಟ್ಟ ಬಟ್ಟಲು. ಮುಖ ಇನ್ನೂ ಬಿಗಿದುಕೊಂಡೇ ಇತ್ತು. ನಿನ್ನೆಯಿಂದ ಆಡದಿದ್ದ ಮಾತನ್ನು ಆಡಿದಳು.

"ಹಾಲು ಉಗುರು ಬೆಚ್ಚಗೈತೆ. ಹಾಕು, ನೀನೇ ಹಾಕು."

ಚೂಡಾಮಣಿ ಹಾಕಿದಳು. ಮುಚ್ಚಳ ಮುಚ್ಚಿ ಪಾತ್ರೆಯನ್ನು ಕಿಟಕಿಯಲ್ಲೇ ಇಟ್ಟಳು, ಗಾಡಿಯಲ್ಲಿ ಕೂತವರಿಗೂ ಚೆನ್ನಾಗಿ ಕಾಣುವ ಹಾಗೆ.